ದೇವರ ಮನೆಯ ಆಲೂಗಡ್ಡೆ

ಅನಂತರಾಮುವಿನ ಸ್ಕೂಟರು ಇನ್ನೂ ಬಂದಿರಲಿಲ್ಲ. ಬುಕ್ ಮಾಡಿ ವರ್ಷಗಳಾಗಿದ್ದವು ಅಷ್ಟೆ. ಆದರೂ ಅದಕ್ಕೊಂದು ಶೆಡ್ಡು ಬೇಕೆಂದು ಭಾನುವಾರ ಬಂದರೆ ಹಗ್ಗ ಹಿಡಿದು ಹಿತ್ತಿಲು ಅಳೆಯುತ್ತಿದ್ದ. ಗುಮಾಸ್ತನ ಗತ್ತೆಲ್ಲ ಬಾರದ ಗಾಡಿಯ ಮೇಲೇ ಸವಾರಿ ಮಾಡುತ್ತಿತ್ತು. ಅಡ್ಡ ಇದ್ದದ್ದು ಚೂಡಾಮಣಿ ಅತ್ತೆಯ ಆಲೂಗಡ್ಡೆ ಪಾತಿ.

ತಾಯಿಯಿಲ್ಲದ ಅವನನ್ನು ಸಾಕಿದ ಸೋದರತ್ತೆ ಅವರು. ಜಯನಗರದಲ್ಲಿ ಮನೆ ಎದ್ದಾಗ ಇಟ್ಟಿಗೆ ಚೂರು ಆಯ್ದು ಆಯ್ದು ಹಿತ್ತಿಲನ್ನು ಹೊಲ ಮಾಡಿದ್ದರು. ರಥಸಪ್ತಮಿಯ ಚಳಿಯಲ್ಲಿ ಸೋದರಳಿಯ ಮಫ್ಲರ್ ಸುತ್ತಿ ಕಾಫಿ ಹೀರುತ್ತಿದ್ದರೆ, ಅತ್ತೆ ಬರಿಗಾಲಲ್ಲಿ ಮಂಜಿನೊಳಗೆ ಗಡ್ಡೆ ಕೀಳುತ್ತಿದ್ದರು.

ಮೊದಲ ಬೆಳೆ ಹಾಳಾದದ್ದು ಅವರ ಮಡಿಯಿಂದ. ಸೌದೆಗೂ ನೀರು ಚಿಮುಕಿಸಿ ಒಳಗೆ ತರುವವರು, ಗಡ್ಡೆಗಳನ್ನು ಉಜ್ಜಿ ತೊಳೆದು ಬುಟ್ಟಿಗೆ ತುಂಬಿದರು. ಶಿವರಾತ್ರಿಯ ಹೊತ್ತಿಗೆ ಮನೆಯೆಲ್ಲ ನಾತ.

"ಯುಗಾದಿಗೆ ಮನೆ ಗಡ್ಡೇದೇ ಪಲ್ಯ ಅಂದಿದ್ರಿ?" ಎಂದು ಅನಂತರಾಮು ಕುಟುಕಿದ.

"ಇನ್ನೊಂದು ವರ್ಷ ನೋಡೋ. ಆಗ್ಲೂ ಕೊಳೆತ್ರೆ ಪಾತಿ ನಿಂದು. ಶೆಡ್ ಕಟ್ಕೋ."

ಕೊಳೆತದ್ದನ್ನು ಗುಂಡಿಗೆ ಸುರಿದು, ಪಾತಿಯಿಂದ ಗಡ್ಡೆ ತುಂಬಿ ತಂದಿದ್ದ ಗೋಣಿಚೀಲ ಕೊಡವಿದರೆ ಮೂಲೆಯಿಂದ ಎರಡು ಗಡ್ಡೆ ಉರುಳಿದವು. ತೊಳೆಯಲು ತಪ್ಪಿಹೋದವು, ಮೈತುಂಬ ಮಣ್ಣು, ಆದರೆ ಕಲ್ಲಿನಂತೆ ಗಟ್ಟಿ. ಅತ್ತೆ ಅವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತರು.

ಮರುವರ್ಷ ಗಡ್ಡೆಗೆ ನೀರು ತಾಕಿಸಲಿಲ್ಲ. ನೆರಳಲ್ಲಿ ಒಣಗಿಸಿ, ಮನೆಯಲ್ಲೇ ತಂಪಾದ, ಕಿಟಕಿಯಿಲ್ಲದ ಜಾಗಕ್ಕೆ ಒಯ್ದರು: ದೇವರ ಮನೆಗೆ. ಮರಳು ಹರಡಿ, ಗಡ್ಡೆ ಜೋಡಿಸಿ, ಮೇಲೆ ಗೋಣಿ ಹೊದಿಸಿದರು.

"ಅತ್ತೆ! ದೇವರ ಮನೇಲಿ ಮಣ್ಣು?"

"ವರಾಹಸ್ವಾಮಿ ಇಡೀ ಭೂಮೀನೇ ಮೂತಿ ಮೇಲೆ ಹೊತ್ಕೊಂಡಿಲ್ವೇನೋ? ಅವನಿಗಿಲ್ಲದ ಮೈಲಿಗೆ ನಂಗ್ಯಾಕೆ?"

ಜೀವಮಾನದ ಮಡಿಯನ್ನು ಒಂದೇ ಮಾತಲ್ಲಿ ಹೀಗೆ ಪಕ್ಕಕ್ಕಿಡುವ ಎದೆಗಾರಿಕೆ ಅನಂತರಾಮುವಿಗಂತೂ ಇರಲಿಲ್ಲ. ಮೇಲಧಿಕಾರಿಯ ಮುಂದೆ ಅವನು ಸೀನಲೂ ಹೆದರುತ್ತಿದ್ದ. ಆದರೂ ಶೆಡ್ಡಿನ ಆಸೆ ಬಿಡಲಿಲ್ಲ. ವರ್ಷಗಟ್ಟಲೆ ತಪ್ಪಿಸಿದ್ದ ಸಂಧ್ಯಾವಂದನೆಗೆ ದಿನಾ ಹಾಜರಾದ. ಪ್ರಾಣಾಯಾಮದ ನೆಪದಲ್ಲಿ ಮೂಗರಳಿಸಿ ನಾತ ಹುಡುಕುತ್ತಿದ್ದ. ಸಿಕ್ಕಿದ್ದು ಕರ್ಪೂರದ ವಾಸನೆ, ಒಣಮಣ್ಣಿನ ವಾಸನೆ. ಅತ್ತೆ ಮಾತ್ರ ಪೂಜೆ ಮುಗಿದ ಮೇಲೆ ಒಂದೊಂದೇ ಗಡ್ಡೆಯನ್ನು ತಿರುವಿ, ಮೆತ್ತಗಾದದ್ದನ್ನು ಅಂದೇ ಹುಳಿಗೆ ಹಾಕುತ್ತಿದ್ದರು.

ಯುಗಾದಿಯ ದಿನ ಎಲೆಯ ಮೇಲೆ ಹಳದಿ ಪಲ್ಯ ಬಿತ್ತು. ಅನಂತರಾಮು ಮೂರು ಸಲ ಹಾಕಿಸಿಕೊಂಡ.

"ಉಳಿದಿದ್ದು ಮುಂಗಾರಿಗೆ ಬಿತ್ತೋಕೆ" ಎಂದರು ಅತ್ತೆ. "ನಿನ್ನ ಸ್ಕೂಟರ್ ಬಂದ್ರೆ ಅದನ್ನೂ ದೇವರ ಮನೇಲೇ ನಿಲ್ಸು. ಅಲ್ಲಿಟ್ಟದ್ದು ಕೆಡಲ್ಲ."

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅವನು ಅಳತೆಯ ಹಗ್ಗ ಹೊರತೆಗೆದ. ಒಂದು ತುದಿ ಅತ್ತೆ ಹಿಡಿದರು, ಇನ್ನೊಂದು ಅವನು. ಗಡ್ಡೆಯ ಸಾಲು ನೆಟ್ಟಗೆ ಬರಬೇಕಲ್ಲ.