ಕುಡಿತ ಬಿಟ್ಟ ಮೇಲೂ ಉಳಿದದ್ದು

ಕೋವಿಡ್ ತಗ್ಗಿದ ಮರುವರ್ಷ. ಮುಂಬೈನ ಒಂದು ಮುನಿಸಿಪಲ್ ಆಸ್ಪತ್ರೆಯ ಗುಪ್ತರೋಗ ವಿಭಾಗದಲ್ಲಿ ನಾನು ಕೌನ್ಸೆಲರ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಕೌನ್ಸೆಲರ್ ಎಂದರೆ ಡಾಕ್ಟರಲ್ಲ; ರಕ್ತಪರೀಕ್ಷೆಗೆ ಮುಂಚೆ, ಮತ್ತೆ ರಿಪೋರ್ಟ್ ಬಂದ ಮೇಲೆ, ರೋಗಿಯನ್ನು ಎದುರು ಕೂಡಿಸಿಕೊಂಡು ಮಾತಾಡುವವನು. ಕಾಯಿಲೆ ಹೇಗೆ ಬಂತು, ಇನ್ನು ಯಾರಿಗೆ ತಗಲಿರಬಹುದು, ಇಂಜೆಕ್ಷನ್ ಎಷ್ಟು ವಾರ, ಕಾಂಡೋಮ್ ಯಾಕೆ ಬೇಕು ಎಂಬುದನ್ನೇ ಪರದೆಯಾಚೆಯ ಬೆಂಚಿನವರಿಗೆ ಕೇಳಿಸದಂತೆ ದಿನವಿಡೀ ಹೇಳಬೇಕು. ಹೇಳಿ ಹೇಳಿ ನನ್ನ ಮಾತು ಸ್ಟೇಷನ್ನಿನ ಅನೌನ್ಸ್‌ಮೆಂಟಿನಂತಾಗಿತ್ತು. ಹೇಳುವವನಿಗೂ ಅದರ ಮೇಲೆ ಗಮನವಿರಲಿಲ್ಲ.

ನನ್ನದು ಧಾರವಾಡ ಕಡೆಯ ಕನ್ನಡ. ಹಾಗಾಗಿ ವಿಜಯಪುರ, ಕಲಬುರಗಿ ಕಡೆಯ ಕೂಲಿ ಜನ ಬಂದರೆ ನರ್ಸ್‌ಗಳು ನನ್ನ ಮೇಜಿಗೇ ಕಳಿಸುತ್ತಿದ್ದರು. ಗಂಡಸರು ಕೂತ ತಕ್ಷಣ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಶೆರೆ ಏರಿತ್ತು ಸಾಹೇಬ್ರ, ಏನ್ ಮಾಡಿದೆ ಅಂತ ಖಬರ ಇರಲಿಲ್ಲ." ನಾನು ನಂಬುತ್ತಿದ್ದೆ. ಅದರಲ್ಲಿ ಸುಳ್ಳೂ ಇರಲಿಲ್ಲ. ಎರಡು ಕ್ವಾರ್ಟರ್ ಇಳಿದವನಿಗೆ ಜೇಬಿನಲ್ಲಿರುವ ಕಾಂಡೋಮ್ ನೆನಪಾಗುವುದಿಲ್ಲ. ಕುಡಿತ ಬಿಡು, ಅರ್ಧ ರೋಗ ಬಿಟ್ಟಂತೆ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದೆ.

ನೀಲವ್ವ ಬಂದದ್ದು ಬಸುರಿಯರ ಓಪಿಡಿಯಿಂದ, ಕೈಯಲ್ಲಿ ಒಂದು ಚೀಟಿ ಹಿಡಿದು. ಐದು ತಿಂಗಳ ಬಸುರಿ, ಚೊಚ್ಚಲು. ಎಲ್ಲ ಬಸುರಿಯರಿಗೂ ಮಾಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಅವಳ ರಕ್ತ ಪಾಸಿಟಿವ್ ಬಂದಿತ್ತು. ಅಂದರೆ ಸಿಫಿಲಿಸ್. ಪೆನಿಸಿಲಿನ್ ಕೊಟ್ಟರೆ ವಾಸಿಯಾಗುವ ರೋಗ. ಕೊಡದಿದ್ದರೆ ಹೊಟ್ಟೆಯ ಕೂಸಿಗೆ ಇಳಿಯುತ್ತದೆ, ಕೂಸು ಒಳಗೇ ಸಾಯಬಹುದು. ಸಾಯನ್ ಕಡೆಯ ಎರಡು ಬಿಲ್ಡಿಂಗ್‌ಗಳಲ್ಲಿ ಪಾತ್ರೆ ತಿಕ್ಕಿ, ನೆಲ ಒರೆಸಿ ಬದುಕುವ ಹೆಣ್ಣುಮಗಳು. ರೋಗದ ವಿಷಯವನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಕೂಸು ಉಳೀತದೇನ್ರಿ?"

"ಉಳೀತದವ್ವ. ವಾರಕ್ಕೊಂದು ಇಂಜೆಕ್ಷನ್, ಮೂರು ವಾರ. ನಿನ್ನ ಗಂಡಗೂ ಕೊಡಬೇಕು. ಇಬ್ಬರದೂ ಮುಗಿಯೂತನಕ ಕೂಡಿ ಮಲಗಬಾರದು," ಎಂದೆ. ಎಲ್ಲರಿಗೂ ಕೊಡುವ ಹಾಗೆ ಒಂದು ಕಾಂಡೋಮ್ ಪೊಟ್ಟಣ ಅವಳ ಕೈಗಿಟ್ಟೆ. ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಅವಳ ಗಂಡ ಯಮನಪ್ಪ ಬಾಂದ್ರಾದ ಒಂದು ಸೈಟಿನಲ್ಲಿ ಸೆಂಟ್ರಿಂಗ್ ಕೆಲಸದವನು. ಮೂವತ್ತರ ಆಸುಪಾಸು, ನಗುಮುಖ, ಮಾತಿಗೊಮ್ಮೆ ಕೈ ಮುಗಿಯುವ ಮನುಷ್ಯ. ಅವನ ರಕ್ತವೂ ಪಾಸಿಟಿವ್. ಶನಿವಾರ ಪಗಾರವಾದ ಮೇಲೆ ಸೈಟಿನ ಗೆಳೆಯರ ಜೊತೆ ಕುಡಿದು ಹೆಂಗಸರ ಕಡೆ ಹೋಗುತ್ತಿದ್ದುದನ್ನು ಒಪ್ಪಿಕೊಂಡ. ಎಲ್ಲರಂತೆ ತಪ್ಪನ್ನು ಶೆರೆಯ ಮೇಲೆ ಹಾಕಿದ. ಮೊದಲ ಇಂಜೆಕ್ಷನ್ ತೆಗೆದುಕೊಂಡ, ನೋವಿಗೆ ಕುಂಟುತ್ತ ಹೋದ. ಎರಡನೆಯದಕ್ಕೆ ಬರಲಿಲ್ಲ.

ನೀಲವ್ವ ಮಾತ್ರ ಮೂರೂ ವಾರ ತಪ್ಪದೆ ಬಂದಳು. ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಇಳಿಯಬೇಕಿದ್ದ ರೋಗದ ಅಂಕಿ ಏರಿತ್ತು. ಅದರ ಅರ್ಥ ಸರಳ: ರೋಗ ಮತ್ತೆ ತಗಲಿದೆ. ನಮ್ಮ ಲೇಡಿ ಡಾಕ್ಟರ್, ಮುಂಬೈ ರೂಢಿಯಲ್ಲಿ ಡಾಕ್ಟರ್ ಬಾಯಿ, ರಿಪೋರ್ಟನ್ನು ನನ್ನ ಮೇಜಿನ ಮೇಲೆ ಇಟ್ಟು, "ನಿಮ್ಮ ಕೌನ್ಸೆಲಿಂಗ್ ಏನಾಯ್ತು?" ಎಂದು ಕೇಳಿ ಹೋದರು.

ನನಗೆ ನೀಲವ್ವನ ಮೇಲೆಯೇ ಸಿಟ್ಟು ಬಂತು. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. "ಅಷ್ಟು ಹೇಳಿದ್ದೆ, ಅವನ ಹತ್ತರ ಯಾಕ ಹೋದಿ?" ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಕೂತಳು. ಅವಳಿಗೆ ಎರಡನೇ ಸುತ್ತಿನ ಇಂಜೆಕ್ಷನ್ ಶುರುವಾಯಿತು.

ಆಮೇಲೆ ನಾನು ಯಮನಪ್ಪನ ಬೆನ್ನು ಹತ್ತಿದೆ. ದಿನಾ ಫೋನು. ಕೊನೆಗೆ ಬಂದ. ಕೂಸಿನ ವಿಷಯ ಹೇಳಿದಾಗ ಕಣ್ಣಲ್ಲಿ ನೀರು ತಂದುಕೊಂಡ. ಕುಡಿತ ಬಿಡಿಸುವ ಓಪಿಡಿಗೆ ನಾನೇ ಕರೆದುಕೊಂಡು ಹೋದೆ. ಅಚ್ಚರಿ ಎಂದರೆ ಅವನು ನಿಜವಾಗಿ ಬಿಟ್ಟ. ಮೊದಲ ವಾರ ಕೈ ನಡುಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಆದರೂ ತಡೆದುಕೊಂಡ. ಹೊಸದಾಗಿ ಇಂಜೆಕ್ಷನ್ ಶುರು ಮಾಡಿಸಿಕೊಂಡ, ಶನಿವಾರದ ಗುಂಪು ಬಿಟ್ಟ. ಈ ಕೆಲಸದಲ್ಲಿ ಗೆಲುವು ಕಾಣುವುದು ಅಪರೂಪ. ಸಿಬ್ಬಂದಿ ಮೀಟಿಂಗಿನಲ್ಲಿ, ಹೆಸರು ಹೇಳದೆ, ಅವನ ಕಥೆಯನ್ನು ಉದಾಹರಣೆಯಾಗಿ ಹೇಳಿದೆ. ಚಪ್ಪಾಳೆಯೂ ಬಿತ್ತು.

ಅದೇ ವಾರ ನೀಲವ್ವ ತನ್ನ ಕೊನೆಯ ಇಂಜೆಕ್ಷನ್ನಿಗೆ ಬಂದಳು. ಎಂಟು ತಿಂಗಳು ತುಂಬಿತ್ತು. "ಈಗ ಆರಾಮ ಆತಲ್ಲವ್ವ, ಶೆರೆ ಬಿಟ್ಟಾನ," ಎಂದೆ. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಕೂತಾಗ ಬಳೆ ಸರಿದು ಮಣಿಕಟ್ಟು ಕಂಡಿತು. ಸುತ್ತಲೂ ನೀಲಿಗಟ್ಟಿತ್ತು, ಯಾರೋ ಬಿಗಿಯಾಗಿ ಹಿಡಿದ ಹಾಗೆ.

"ಮತ್ತ ಕುಡದನೇನು?"

"ಇಲ್ರಿ. ಕುಡೀಲಾರದನ ಹಿಂಗ ಮಾಡ್ತಾನ."

ನರ್ಸ್ ಬಾಯಿಯನ್ನು ಕರೆಯಲೇ ಎಂದೆ. "ಅವರಿಗೆ ನನ್ನ ಮಾತು ತಿಳಿಯಂಗಿಲ್ಲ. ನಿಮಗ ಹೇಳ್ತೀನ್ರಿ, ಸಾಹೇಬ್ರ," ಎಂದು ಗೋಡೆ ನೋಡುತ್ತ ಹೇಳತೊಡಗಿದಳು. "ಅವತ್ತು ನೀವು ಯಾಕ ಹೋದಿ ಅಂದ್ರಿ. ನಾ ಹೋಗಿಲ್ರಿ. ಡಾಕ್ಟರ್ ಬ್ಯಾಡ ಅಂದಾರ ಅಂದೆ, ಕಾಲು ಬಿದ್ದೆ. ಬಾಯಿ ಮುಚ್ಚಿ ಹಿಡದ. ಈಗೂ ಹಂಗ. ನೀವು ಕೊಟ್ಟ ಪೊಟ್ಟಣ ದಾರ್‍ಯಾಗ ಒಗದೆ. ಅದನ್ನ ತೋರಿಸಿದ್ರ, ಯಾರ್ ಕೊಟ್ರು ಅಂತ ನನಗ ಬಡೀತಿದ್ದ."

"ಕುಡದಾಗ ಖಬರ ಇರತಿರಲಿಲ್ಲ ಅಂತಾನ," ಎಂದೆ. ಯಾಕೆ ಹೇಳಿದೆನೋ. ಅಭ್ಯಾಸಬಲ.

ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ತೂರಾಡಕೋತ ಬಂದಾಗೂ ಪಗಾರ ಕೊಡೂ ಮುಕಾದಮ ಎದುರಾದ್ರ ನೆಟ್ಟಗ ನಿಂತು ರಾಮ್ ರಾಮ್ ಅಂತಾನ್ರಿ. ಒಂದಿನಾ ಆ ಮುಕಾದಮಗ ಕೈ ಎತ್ತಿಲ್ಲ. ಅಷ್ಟು ಖಬರ ಇರ್ತದ."

ಪರದೆಯಾಚೆ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ಇಷ್ಟು ವರ್ಷ ಗಂಡಸರಿಗೆ ನಾನು ಕೇಳಿದ ಪ್ರಶ್ನೆ 'ಎಷ್ಟು ಕುಡಿದಿದ್ದಿ' ಎಂಬುದು. ಅವರು ಕ್ವಾರ್ಟರ್ ಲೆಕ್ಕ ಹೇಳಿ ಹಗುರಾಗಿ ಎದ್ದು ಹೋಗುತ್ತಿದ್ದರು. ಆಚೆ ಕಡೆ ಇದ್ದ ಹೆಂಗಸು ಏನಂದಳು ಎಂದು ಒಬ್ಬನನ್ನೂ ಕೇಳಿರಲಿಲ್ಲ. ನೆಪವನ್ನು ಅವರು ತರುತ್ತಿದ್ದರು, ನಾನು ಅದನ್ನು ಸರ್ಕಾರಿ ಫಾರ್ಮಿನಲ್ಲಿ ಬರೆದು ಕೊಡುತ್ತಿದ್ದೆ.

"ಅವತ್ತು ನಾ ಅಂದದ್ದು ತಪ್ಪವ್ವ," ಎಂದೆ. ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ, ಸುಸ್ತಾಗಿತ್ತೋ, ತಿಳಿಯಲಿಲ್ಲ.

ಕೌಟುಂಬಿಕ ಹಿಂಸೆಯ ಕಾಯ್ದೆ ಇದೆ, ಆಸ್ಪತ್ರೆಯ ಸೋಶಿಯಲ್ ವರ್ಕರ್ ಜೊತೆಗೆ ಬರುತ್ತಾರೆ, ಪೊಲೀಸರಿಗೂ ಹೇಳಬಹುದು ಎಂದು ವಿವರಿಸಿದೆ. ಪೊಲೀಸು ಬೇಡ ಎಂದಳು. ಮಾನಖುರ್ದ್‌ನಲ್ಲಿ ಅಕ್ಕ ಇದ್ದಾಳೆ, ಒಂದೇ ಖೋಲಿಯ ಮನೆ, ಆದರೆ ಬಾ ಎಂದಿದ್ದಾಳೆ. ಅಲ್ಲಿಗೆ ಹೋಗುವುದಕ್ಕೆ, ಗಂಡನಿಗೆ ತೋರಿಸಲು, ಡಾಕ್ಟರರ ಒಂದು ಮಾತು ಬೇಕಾಗಿತ್ತು, ಅಷ್ಟೆ. ಡಾಕ್ಟರ್ ಬಾಯಿ 'ವಿಶ್ರಾಂತಿ ಅಗತ್ಯ, ಸಂಬಂಧಿಕರ ಮನೆಯಲ್ಲಿ ಇರತಕ್ಕದ್ದು' ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟರು. ಸೋಶಿಯಲ್ ವರ್ಕರ್ ನೀಲವ್ವನ ಜೊತೆ ಸಾಯನ್ನಿನ ಅವಳ ಖೋಲಿಗೆ ಹೋಗಿ, ನಾಲ್ಕು ಸೀರೆ ಮತ್ತು ಆಧಾರ್ ಕಾರ್ಡಿನ ಜೊತೆ ಅವಳನ್ನು ಹಾರ್ಬರ್ ಲೈನಿನ ಲೋಕಲ್ ಹತ್ತಿಸಿ ಬಂದರು.

ಹೆಣ್ಣು ಕೂಸು ಹುಟ್ಟಿತು. ತೂಕ ಕಡಿಮೆ. ತಾಯಿಗೆ ರೋಗ ಮರುಕಳಿಸಿದ್ದರಿಂದ ಕೂಸಿಗೂ ಹತ್ತು ದಿನ ಇಂಜೆಕ್ಷನ್ ಹಾಕಬೇಕಾಯಿತು. ಆ ಎಳೆಯ ತೊಡೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಬದುಕಿಕೊಂಡಿತು. ನಂತರದ ಪರೀಕ್ಷೆಗಳಲ್ಲಿ ಕೂಸಿನ ರಕ್ತ ಶುದ್ಧ ಬಂತು.

ಒಂದು ತಿಂಗಳಾದ ಮೇಲೆ ಯಮನಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ವಾಸನೆ ಇಲ್ಲ. ಕುರ್ಚಿಯಲ್ಲಿ ಕೂತು ಅತ್ತ. "ನೀವು ಹೇಳಿದ್ದೆಲ್ಲಾ ಮಾಡೀನಿ ಸಾಹೇಬ್ರ. ಶೆರೆ ಬಿಟ್ಟೆ, ಆ ಕಡೆ ಹೋಗೂದ್ ಬಿಟ್ಟೆ. ಮತ್ತ್ಯಾಕ ಆಕಿ ಹ್ವಾದ್ಲು?"

ಹೆಂಡತಿ ಹೇಳಿದ್ದನ್ನು ಗಂಡನಿಗೆ ಹೇಳುವಂತಿಲ್ಲ. ಅದು ನಮ್ಮ ಕೆಲಸದ ಮೊದಲ ನಿಯಮ. ಹಾಗಾಗಿ ಕೇಳಿದೆ: "ಬಸುರಿದ್ದಾಗ ಆಕಿ ಬ್ಯಾಡ ಅಂದಿದ್ಲೇನು?"

ಅವನು ಬೆರಳಿನಿಂದ ಮೇಜಿನ ಅಂಚು ಉಜ್ಜಿದ. "ಅಂದಿದ್ಲು ರೀ," ಎಂದ. ಆಮೇಲೆ ನಿಜವಾಗಿಯೂ ಅರ್ಥವಾಗದವನಂತೆ, "ನನ್ನ ಹೇಂತಿ ಅಲ್ಲೇನ್ರಿ?" ಎಂದ.

ಅವತ್ತು ಅವನ ಜೊತೆ ಒಂದು ತಾಸು ಮಾತಾಡಿದೆ. ಅವನು ಬದಲಾದ ಎಂದು ಬರೆಯಲಾರೆ. ಆಮೇಲೆ ಮೂರು ಸಲ ಬಂದ, ನಾಲ್ಕನೆಯ ಸಲ ಬರಲಿಲ್ಲ. ನೀಲವ್ವ ಮಾನಖುರ್ದ್‌ನಲ್ಲೇ ಉಳಿದಳು, ಅಲ್ಲಿಯ ಬಿಲ್ಡಿಂಗ್‌ಗಳಲ್ಲಿ ಕೆಲಸ ಹಿಡಿದಳು. ಕೂಸಿನ ತಪಾಸಣೆಗೆ ಬಂದಾಗ ನನ್ನ ಮೇಜಿನ ಹತ್ತಿರ ಬಂದು ಅದರ ಮುಖ ತೋರಿಸಿ ಹೋಗುತ್ತಿದ್ದಳು.

ಶೆರೆ ತಪ್ಪಿಲ್ಲದ ವಸ್ತು ಎಂದು ನಾನು ಹೇಳುತ್ತಿಲ್ಲ. ಇದ್ದ ಬೆಂಕಿಗೆ ಎಣ್ಣೆ ಹೊಯ್ಯುತ್ತದೆ ಅದು. ಆದರೆ ಬೆಂಕಿ ಎಲ್ಲಿದೆ ಎಂದು ನಾನು ಇಪ್ಪತ್ತು ವರ್ಷ ನೋಡಲೇ ಇಲ್ಲ. ಉಳಿದ ಸರ್ವೀಸಿನಲ್ಲಿ, ಎದುರು ಕೂತ ಪ್ರತಿಯೊಬ್ಬ ಗಂಡಸಿಗೂ ಕುಡಿತದ ಪ್ರಶ್ನೆಯ ಜೊತೆ ಇನ್ನೊಂದನ್ನು ಕೇಳಿದೆ: ಆಕೆ ಒಪ್ಪಿದ್ದಳೇ? ಹೆಚ್ಚಿನವರು ಗಡಿಯಾರ ನೋಡುತ್ತಿದ್ದರು. ಕೆಲವರು ಎದ್ದು ಹೋದರು. ಕೆಲವರು ನಕ್ಕು, "ಅದಕ್ಕೂ ಈ ಬ್ಯಾನಿಗೂ ಏನ್ ಸಂಬಂಧ ಸಾಹೇಬ್ರ?" ಎಂದರು.

ಕೂಡ್ರು, ಹೇಳ್ತೀನಿ ಎನ್ನುತ್ತಿದ್ದೆ.