ಹನ್ನೆರಡು ದಿನ ಕಡಿಮೆ

ಕಂಕನಾಡಿಯ ಆಸ್ಪತ್ರೆಯಲ್ಲಿ ಅಪ್ಪನ ಸರದಿಗಾಗಿ ಕಾದು ಕಾದು ಸಾಕಾಗಿತ್ತು. ಪಕ್ಕದಲ್ಲೊಬ್ಬರು ಬಾಗಿಲಿನ ಹಿತ್ತಾಳೆ ಹಿಡಿಗೆ ಪಾಲಿಶ್ ಹಚ್ಚಿ ಉಜ್ಜುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ, ಮಣ್ಣಗುಡ್ಡದ ಮನೆಯ ಭಾನುವಾರಗಳು ನೆನಪಾದವು.

ಸೈನ್ಯದಿಂದ ನಿವೃತ್ತರಾಗಿದ್ದ ಅಪ್ಪ ಜಗಲಿಯಲ್ಲಿ ಕೂತು, ಹಳೆಯ ಬನಿಯನ್ ತುಂಡಿನಿಂದ ಪದಕಗಳನ್ನು ಉಜ್ಜುತ್ತಿದ್ದರು. ಹಲಗೆಯ ಮೇಲೆ ಮೂರು ಪದಕ, ಕೊನೆಗೊಂದು ಖಾಲಿ ಜಾಗ. ಯಾರು ಕೇಳಿದರೂ "ಒಂದು ಬರ್ಲಿಕ್ಕುಂಟು" ಎನ್ನುತ್ತಿದ್ದರು. ಗಡಿಯಲ್ಲಿ ಇಂತಿಷ್ಟು ದಿನ ಕಳೆದವರಿಗೆ ಸಿಗುವ ಪದಕವದು.

ಅದಕ್ಕಾಗಿ ಅಪ್ಪ ಬರೆದ ಅರ್ಜಿಗಳಿಗೆ ಕೊನೆಗೂ ಉತ್ತರ ಬಂತು. ಇಂಗ್ಲಿಷ್ ಕಾಗದವನ್ನು ನಾನೇ ಓದಿ ಹೇಳಿದೆ: ರಜೆಯ ದಿನಗಳನ್ನು ಕಳೆದರೆ ಹನ್ನೆರಡು ದಿನ ಕಡಿಮೆ, ಆದ್ದರಿಂದ ಅರ್ಹರಲ್ಲ.

"ಅಷ್ಟು ರಜೆ ಎಂತಕ್ಕೆ ಹಾಕಿದ್ದು ಅಪ್ಪ?"

ಅಡುಗೆಮನೆಯಿಂದ ಅಮ್ಮ ಹೇಳಿದರು, "ನಿನ್ನನ್ನು ತೊಟ್ಟಿಲಿಗೆ ಹಾಕದೆ ಹೋಗುದಿಲ್ಲ ಅಂತ ರಜೆ ಉದ್ದ ಮಾಡಿದ್ದಲ್ವಾ! ನಾನು ಆಗಲೇ ಬೇಡ ಹೇಳಿದ್ದೆ."

ಮುಂದಿನ ಭಾನುವಾರ ಪಕ್ಕದ ಮನೆಯವರು ಖಾಲಿ ಜಾಗ ತೋರಿಸಿ, "ಇದು ಇನ್ನೂ ಬರ್ಲಿಲ್ವಾ ಮಾರಾಯ್ರೆ?" ಎಂದರು.

"ಅದು ಯಾವಾಗಲೋ ಬಂದಾಯ್ತು," ಎಂದ ಅಪ್ಪ, ಪಾಲಿಶ್ ಮೆತ್ತಿದ ಕೈಯನ್ನು ನನ್ನ ತಲೆಯ ಮೇಲಿಟ್ಟರು.

ಆಸ್ಪತ್ರೆಯಲ್ಲಿ ಕೊನೆಗೂ ನಮ್ಮ ಟೋಕನ್ ಕೂಗಿದರು. ನಾನು ಅಪ್ಪನ ಗಾಲಿಕುರ್ಚಿ ತಳ್ಳತೊಡಗಿದೆ.

"ನಿನಗೆ ಸುಸ್ತಾಯ್ತಾ ಮಗಾ?" ಅಪ್ಪ ಕೇಳಿದರು.

"ಇಲ್ಲಪ್ಪ" ಎಂದೆ. ಸುಸ್ತಾಗಿತ್ತು. ಆದರೆ ಪದಕಕ್ಕೆ ರಜೆ ಎಲ್ಲಿದೆ?