ಭಾರದ್ದು ಕೆಳಗೆ

ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಮನುಷ್ಯನನ್ನು ಎಲ್ಲರೂ ತೂಕದಣ್ಣ ಎಂದೇ ಕರೆಯುತ್ತಿದ್ದರು. ಪ್ರಯಾಣಿಕರು ನಾಲ್ಕು ಗಂಟೆಗೋ ಒಂದು ದಿನಕ್ಕೋ ಬಿಟ್ಟುಹೋಗುವ ಚೀಲಗಳಿಗೆ ಟೋಕನ್ ಕಟ್ಟಿ ರ‍್ಯಾಕಿಗೆ ಸೇರಿಸುವುದು ಅವನ ಕೆಲಸ. ಹಿಡಿಕೆಗೆ ಕೈ ಹಾಕಿ ಒಂದು ಗೇಣು ಎತ್ತಿದನೆಂದರೆ "ಹನ್ನೊಂದು ಕೆಜಿ" ಎಂದುಬಿಡುತ್ತಿದ್ದ. ತಕ್ಕಡಿ ತಂದು ನೋಡಿದರೆ ಹನ್ನೊಂದೇ! ಈ ವಿದ್ಯೆಯ ಬಗ್ಗೆ ಅವನಿಗೆ ಸಣ್ಣ ಜಂಬವೂ ಇತ್ತು. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಇದು ಆ ಕೋಣೆಯ ಕಟ್ಟಳೆ, ಮಾಡಿದವನೂ ಅವನೇ.

ಈಗ ಆ ಕೈಗಳು ಬೇರೆ ಕೆಲಸ ಮಾಡುತ್ತವೆ. ಬೆಳಿಗ್ಗೆ ಮೊಮ್ಮಗಳ ಶಾಲೆಯ ಚೀಲವನ್ನು ಎತ್ತಿ ನೋಡುತ್ತಾನೆ. ನಿನ್ನೆಗಿಂತ ಒಂದು ಚೂರು ಹೆಚ್ಚೆನಿಸಿದರೂ ಸಾಕು, ಪುಸ್ತಕ, ಪೆನ್ಸಿಲ್ ಡಬ್ಬಿ, ಊಟದ ಡಬ್ಬಿ, ಎಲ್ಲವನ್ನೂ ನೆಲದ ಮೇಲೆ ಹರಡಿ ಒಂದೊಂದನ್ನೇ ಮುಟ್ಟಿ ಮತ್ತೆ ತುಂಬಬೇಕು. ಹುಡುಗಿ ಬಾಗಿಲಲ್ಲಿ ನಿಂತು ಕಾಲು ಅಪ್ಪಳಿಸುತ್ತಾಳೆ.

"ತಾತಾ, ಇವತ್ತು ಡ್ರಾಯಿಂಗ್ ಇದೆ, ಅದಕ್ಕೇ ಭಾರ! ಮಿಸ್ ಬೈತಾರೆ!"

"ಬೈದ್ರೆ ಬೈಸ್ಕೋ, ಪುಟ್ಟಾ. ಇನ್ನೊಂದೇ ನಿಮಿಷ."

ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಾಳೆ: "ನನ್ನ ತರಕಾರಿ ಚೀಲಾನೂ ನೋಡ್ಬಿಡಿ, ಎರಡು ಬದನೆಕಾಯಿ ಮೇಲೆ ನಂಗೂ ಅನುಮಾನ!" ನಗಿಸಲೆಂದೇ ಹೇಳುವ ಮಾತು. ಅವನು ನಗುವುದಿಲ್ಲ. ಬಾಗಿಲು ಧಡ್ ಎಂದರೆ ಸಾಕು, ಗೋಡೆಗೆ ಬೆನ್ನು ಹಚ್ಚಿ ಬೆವರುತ್ತಾನೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಆ ಮನೆಯಲ್ಲಿ ಬಲೂನು ಕಟ್ಟುವುದಿಲ್ಲ. ಎಡಗಿವಿಯಲ್ಲಿ ಸದಾ ಕುಂಯ್ ಎನ್ನುವ ಸದ್ದು. ಎಡತೊಡೆಯಿಂದ ಇಂದಿಗೂ ವರ್ಷಕ್ಕೊಂದೆರಡು ಕಬ್ಬಿಣದ ಚೂರು ಚರ್ಮ ಸೀಳಿಕೊಂಡು ಮೇಲೆ ಬರುತ್ತವೆ. ಸಾಮಾನು ಕೋಣೆಯಲ್ಲಿ ಬಾಂಬು ಸಿಡಿದು ಹನ್ನೊಂದು ವರ್ಷವಾಯಿತು, ಅವನ ಪಾಲಿಗೆ ಅದಿನ್ನೂ ಸಿಡಿದು ಮುಗಿದಿಲ್ಲ.

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದಿತ್ತು.

ಕೋಣೆಯಲ್ಲಿ ಅವನ ಜೊತೆಗೆ ಇನ್ನೊಬ್ಬನಿದ್ದ, ವಯಸ್ಸಿನಲ್ಲಿ ನಾಲ್ಕು ವರ್ಷ ಹಿರಿಯ. ಬಾಯಿಗೆ ಬಿಡುವೇ ಇಲ್ಲದ್ದರಿಂದ ನಿಲ್ದಾಣವೆಲ್ಲ ಅವನನ್ನು ರೇಡಿಯೊ ಎನ್ನುತ್ತಿತ್ತು. ತೂಕದಣ್ಣ ಮಾತ್ರ "ಅಣ್ಣಾ" ಎನ್ನುತ್ತಿದ್ದ. ಆ ದಿನ ಹನ್ನೊಂದರ ಹೊತ್ತಿಗೆ ಒಬ್ಬ ಯುವಕ ಬಂದು ಕಪ್ಪು ಚೀಲವೊಂದನ್ನು ಕೌಂಟರಿನ ಮೇಲಿಟ್ಟ. ನಯವಾದ ಮಾತು, ಇಸ್ತ್ರಿ ಮಾಡಿದ ಅಂಗಿ. ತೂಕದಣ್ಣ ಎತ್ತಿ ನೋಡಿದ. ಭಾರವೆಲ್ಲ ಒಂದೇ ಮೂಲೆಯಲ್ಲಿ ಕೂತಿತ್ತು, ಬಟ್ಟೆಬರೆಯ ಚೀಲ ಹಾಗೆ ಜೋಲುವುದಿಲ್ಲ. ಕೈಗೆ ಅದು ಗೊತ್ತಾಯಿತು. ಆದರೆ ಬಾಯಿ ಜಂಬ ಕೊಚ್ಚಿಕೊಳ್ಳುವ ಅವಸರದಲ್ಲಿತ್ತು. "ಹದಿನಾಲ್ಕು ಕೆಜಿ! ಬೇಕಾದ್ರೆ ತೂಗಿಸಿ ನೋಡಿ" ಎಂದ. ಯುವಕ ನಕ್ಕು, ಟೋಕನ್ ಜೇಬಿಗೆ ಹಾಕಿಕೊಂಡು ಹೋದ.

ರೇಡಿಯೊ ಕೆಳಸಾಲಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. "ಅದನ್ನ ಇಲ್ಲಿ ತುರುಕಬೇಡ ಮಾರಾಯ, ಆ ಕಡೆ ಕಂಬದ ಹಿಂದೆ ಇಡು. ನಾನು ಕಾಲು ಚಾಚೋದು ಬೇಡ್ವಾ?" ಎಂದ.

"ಭಾರದ್ದು ಕೆಳಗೆ, ಅಣ್ಣಾ. ನಿನ್ನ ಕಾಲಿಗೋಸ್ಕರ ಕಟ್ಟಳೆ ಮುರಿಯೋಕಾಗುತ್ತಾ?" ಎಂದು ತೂಕದಣ್ಣ ನಗುತ್ತಲೇ ಚೀಲವನ್ನು ಅವನ ಕಾಲಬುಡಕ್ಕೆ ತಳ್ಳಿ, ಟೀ ತರಲು ಹೊರಗೆ ಹೋದ. ಆ ಕಂಬ ದಾಟಿದ್ದ, ಅಷ್ಟೇ, ಚೀಲ ಸಿಡಿಯಿತು. ಕಂಬ ಅವನನ್ನು ಉಳಿಸಿತು. ರೇಡಿಯೊ ಹೋದ, ಕೌಂಟರಿನ ಮುಂದೆ ಸಾಲಿನಲ್ಲಿದ್ದ ನಾಲ್ವರು ಹೋದರು. ಅವರಲ್ಲೊಬ್ಬಳು ಆರು ವರ್ಷದ ಹುಡುಗಿ.

ಮೂರನೇ ದಿನ ಆಸ್ಪತ್ರೆಗೆ ಬಂದ ಅಧಿಕಾರಿ ಕೇಳಿದ, "ಚೀಲ ತಗೊಂಡು ಅಲ್ಲಿಟ್ಟೋರು ಯಾರು?" ತೂಕದಣ್ಣನ ತಲೆಗೆ ಬ್ಯಾಂಡೇಜು. ಕೊಲೆಗಾರನ ಪಟ್ಟ ತನ್ನ ತಲೆಗೇ ಬರುತ್ತದೆಂದು ಅವನಿಗೆ ಜೀವ ಬಾಯಿಗೆ ಬಂದಿತ್ತು. ಸತ್ತವನು ಎದ್ದು ಬಂದು ಅಲ್ಲ ಎನ್ನುವುದಿಲ್ಲವಲ್ಲ! "ಅಣ್ಣನೇ" ಎಂದುಬಿಟ್ಟ. ಎರಡೇ ದಿನದಲ್ಲಿ ಪತ್ರಿಕೆಗಳಲ್ಲೂ ಅದೇ ಬಂತು: ಪರೀಕ್ಷಿಸದೆ ಚೀಲ ಪಡೆದ ನೌಕರ. ಪಾಪವೆಲ್ಲ ಬಾಂಬು ತಂದವನದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂದು ಸುಳ್ಳು ತೂಕದಣ್ಣನದೇ, ಅದನ್ನು ಬೇರೆ ಯಾರ ತಲೆಗೂ ಕಟ್ಟಲಾಗದು.

ಅಂದಿನಿಂದ ತಿಂಗಳ ಮೊದಲ ಭಾನುವಾರ ತಪ್ಪದೆ ರೇಡಿಯೊನ ಹೆಂಡತಿಯ ಮನೆಗೆ ಹೋಗುತ್ತಾನೆ. ಅವನಿಗೆ ಅವಳು ಅತ್ತಿಗೆ. ಬಸ್ಸು ಹತ್ತಲು ಧೈರ್ಯವಿಲ್ಲ, ಕುಂಟುತ್ತ ಒಂದೂವರೆ ಗಂಟೆ ನಡೆಯುತ್ತಾನೆ. ಸೋರುವ ನಲ್ಲಿ ಬಿಗಿಮಾಡುತ್ತಾನೆ, ಬಲ್ಬು ಬದಲಿಸುತ್ತಾನೆ. "ಒಡಹುಟ್ಟಿದ ತಮ್ಮನೂ ಇಷ್ಟು ನೋಡ್ಕೊಳ್ಳಲ್ಲ" ಎಂದು ಅವಳು ನೀರು ಕೊಟ್ಟರೆ ಲೋಟ ಕೆಳಗಿಟ್ಟು ಮತ್ತೆ ನಲ್ಲಿಯ ಕಡೆ ತಿರುಗುತ್ತಾನೆ. ಮನಸ್ಸಿನ ಡಾಕ್ಟರು ನಿದ್ದೆಗೆ ಮಾತ್ರೆ ಬರೆದುಕೊಡುತ್ತ ಒಮ್ಮೆ ಹೇಳಿದ್ದರು: "ಏನೋ ಬಚ್ಚಿಡ್ತಾ ಇದ್ದೀರ. ಅದನ್ನ ಹೇಳೋವರೆಗೂ ನನ್ನ ಮಾತ್ರೆ ಅರ್ಧ ಕೆಲಸ ಮಾತ್ರ ಮಾಡುತ್ತೆ." ಹೇಳಿದರೆ ಅತ್ತಿಗೆಯ ಮನೆಯ ಬಾಗಿಲು ಮುಚ್ಚುತ್ತದೆ. ತನ್ನನ್ನು "ತಮ್ಮಾ" ಎನ್ನುವ ಇನ್ನೊಂದು ಬಾಯಿ ಅವನಿಗೆ ಲೋಕದಲ್ಲಿ ಇರಲಿಲ್ಲ.

ಈ ಭಾನುವಾರ ಹೋದಾಗ ಅತ್ತಿಗೆ ಒಗೆದಿಟ್ಟ ಸೀರೆಯುಟ್ಟು ಸಿದ್ಧವಾಗಿ ಕೂತಿದ್ದಳು.

"ನಲ್ಲಿ ಹಾಗಿರ್ಲಿ ತಮ್ಮಾ. ನನ್ನ ಜೊತೆ ಒಂದು ಮನೆಗೆ ಬಾ."

"ಎಲ್ಲಿಗೆ ಅತ್ತಿಗೆ?"

"ಆ ಮಗುವಿನ ತಾಯಿ ಮನೆಗೆ. ವಿಳಾಸ ಸಿಕ್ತು. ಹನ್ನೊಂದು ವರ್ಷದಿಂದ ಅಂದ್ಕೊಳ್ತಾನೇ ಇದ್ದೀನಿ. ಕಾಲು ಹಿಡಿದು ಒಂದು ಮಾತು ಹೇಳ್ಬೇಕು. ನನ್ನ ಗಂಡ ಆ ಚೀಲ ಅಲ್ಲಿಡದೇ ಇದ್ದಿದ್ರೆ ನಿನ್ನ ಮಗು ಇರ್ತಿತ್ತು, ಕ್ಷಮಿಸಮ್ಮ ಅಂತ."

ತೂಕದಣ್ಣನ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು. ಅವನು ಬೆಚ್ಚಲೂ ಇಲ್ಲ. ಹೊಸಿಲ ಮೇಲೆ ಕುಸಿದು ಕೂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಒಂದೇ ಮೂಲೆಯಲ್ಲಿ ಕೂತ ಭಾರ, ತನ್ನ ಜಂಬ, ಕಂಬದ ಹಿಂದೆ ಇಡು ಎಂದ ಅಣ್ಣನ ಮಾತು, ತನ್ನ ನಗು, ಅಧಿಕಾರಿಗೆ ಹೇಳಿದ ಸುಳ್ಳು. ಹೇಳಿ ಮುಗಿಸಿ ಬೈಗುಳಕ್ಕೋ ಏಟಿಗೋ ಕಾದ.

ಅತ್ತಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅಲ್ಲಿಡಬೇಡ ಅಂದ್ರಾ ಅವರು?"

"ಅಂದ, ಅತ್ತಿಗೆ. ನಾನೇ ಕೇಳ್ಲಿಲ್ಲ."

"ನಾನು ದಿನಾ ಅವರ ಫೋಟೋ ಮುಂದೆ ನಿಂತು ಬೈದಿದ್ದೀನಿ ಕಣೋ. ಬರೀ ಮಾತಾಡ್ತಾ ಕೂತ್ರಿ, ಕಣ್ಣು ಬಿಟ್ಟು ನೋಡ್ಲಿಲ್ಲ, ಮಗೂನ ಕೊಂದ್ರಿ ಅಂತ. ಒಂದು ದಿನಾನೂ ತಪ್ಪಿಸಿಲ್ಲ. ಹನ್ನೊಂದು ವರ್ಷ." ಅವಳ ಧ್ವನಿ ಒಡೆಯಿತು. "ಅವರಾದ್ರೂ ಎದುರುತ್ತರ ಹೇಗೆ ಕೊಡ್ತಾರೆ, ಪಾಪ."

ತೂಕದಣ್ಣ ಅವಳ ಪಾದದ ಕಡೆ ಕೈ ಚಾಚಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡು ಎದ್ದಳು, ಅಣ್ಣನ ಫೋಟೋ ಇದ್ದ ಒಳಕೋಣೆಯ ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತಳು.

"ನೀನೀಗ ಹೊರಡು," ಎಂದಳು. "ನಾನು ಅವರ ಹತ್ರ ಮಾತಾಡ್ಬೇಕು."